ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲಿ ಉದ್ಯೋಗ: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ಈಗ ಪದವಿ ಮುಗಿಸಿರುವ ಅಥವಾ ಮುಗಿಸುವ ಹಂತದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಅಧ್ಯಾಪಕ ವೃತ್ತಿ ಮತ್ತು ಬ್ಯಾಂಕ್ ಪರೀಕ್ಷೆಗಳ ಆಚೆಗೆ, ವಿಶ್ವವಿದ್ಯಾಲಯದೊಳಗೇ ಇರುವ ಇನ್ನೊಂದು ದಾರಿಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಮಾಹಿತಿ ಕಡಿಮೆ.

ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲಿ ನಿಜವಾಗಿ ಏನು ಕೆಲಸ ನಡೆಯುತ್ತದೆ?

ಪಾಠ ಮತ್ತು ಪರೀಕ್ಷೆಗಳನ್ನು ಬಿಟ್ಟರೆ ವಿದ್ಯಾರ್ಥಿಯೊಬ್ಬನ ವಿಶ್ವವಿದ್ಯಾಲಯದ ಬದುಕಿನಲ್ಲಿ ಉಳಿಯುವ ಹೆಚ್ಚುಕಡಿಮೆ ಎಲ್ಲ ಸಂಗತಿಗಳೂ ಈ ವಿಭಾಗದ ಮೇಜಿಗೆ ಬರುತ್ತವೆ: ವಸತಿನಿಲಯ, ವಿದ್ಯಾರ್ಥಿವೇತನ, ಆಪ್ತಸಮಾಲೋಚನೆ, ದೂರು, ರ‍್ಯಾಗಿಂಗ್ ತಡೆ, ವಿದ್ಯಾರ್ಥಿ ಸಂಘದ ಚುನಾವಣೆ, ಕಲೋತ್ಸವ, ರಾಷ್ಟ್ರೀಯ ಸೇವಾ ಯೋಜನೆ, ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳ ಸೌಲಭ್ಯ. ಹೆಸರು ಮಾತ್ರ ಊರಿಗೊಂದು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದರ ಮುಖ್ಯಸ್ಥರನ್ನು ವಿದ್ಯಾರ್ಥಿ ಕ್ಷೇಮಪಾಲನಾ ಡೀನ್ ಎಂದು ಕರೆಯುತ್ತಾರೆ, ಕಣ್ಣೂರು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸೇವೆಗಳ ನಿರ್ದೇಶಕರಿದ್ದಾರೆ. ಕಾಲೇಜು ಮಟ್ಟದಲ್ಲಿ ಪ್ರತ್ಯೇಕ ವಿಭಾಗವೇ ಇಲ್ಲದೆ ಒಬ್ಬಿಬ್ಬರು ಅಧ್ಯಾಪಕರು ಈ ಹೊಣೆಗಳನ್ನು ಹಂಚಿಕೊಂಡಿರುವುದೇ ಹೆಚ್ಚು.

ಹೊರಗಿನಿಂದ ನೋಡುವವರಿಗೆ ಇದು ಮಕ್ಕಳ ಕಷ್ಟ ಕೇಳಿ ಸಮಾಧಾನ ಹೇಳುವ ಹಿರಿಯರ ಕೆಲಸದಂತೆ ತೋರುತ್ತದೆ. ಆ ಗುಣ ಬೇಕೇ ಬೇಕು. ಆದರೆ ವಿದ್ಯಾರ್ಥಿಯ ಸಮಸ್ಯೆ ಕೊನೆಗೆ ಬಗೆಹರಿಯುವುದು ಸರಿಯಾದ ನಿಯಮವನ್ನು ಉಲ್ಲೇಖಿಸಿ, ಸರಿಯಾದ ಕಡತದಲ್ಲಿ, ಗಡುವಿನೊಳಗೆ ಬರೆದ ಟಿಪ್ಪಣಿಯಿಂದ. ಸಮಾಧಾನದ ಮಾತು ಹೇಳಿ ಕಳುಹಿಸಿ ಕಡತವನ್ನು ಮುಂದಕ್ಕೆ ಕಳುಹಿಸದ ಅಧಿಕಾರಿಯಿಂದ ವಿದ್ಯಾರ್ಥಿಗೆ ಆಗುವ ಉಪಕಾರ ಬಹಳ ಸಣ್ಣದು.

ಇದಕ್ಕೆಂದೇ ಒಂದು ಪದವಿ ಇದೆಯೇ?

ಅಮೆರಿಕದಲ್ಲಿ ಇದೆ. ನಮ್ಮಲ್ಲಿ ಈ ಹೆಸರಿನ ಸ್ನಾತಕೋತ್ತರ ಪದವಿಯನ್ನು ಯಾವ ಅಧಿಸೂಚನೆಯೂ ಸಾಮಾನ್ಯವಾಗಿ ಕೇಳುವುದಿಲ್ಲ. ಹಾಗಾಗಿ ಇಲ್ಲಿ ಸಿದ್ಧತೆ ಎಂದರೆ ಹತ್ತಿರದ ಒಂದು ವಿಷಯದಲ್ಲಿ ಗಟ್ಟಿಯಾದ ಸ್ನಾತಕೋತ್ತರ ಪದವಿ, ಅದರ ಜೊತೆಗೆ ನಿಯಮಗಳ ತಿಳಿವಳಿಕೆ, ಭಾಷೆ ಮತ್ತು ಕ್ಷೇತ್ರಾನುಭವ.

ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯೂ., ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಅದರಲ್ಲಿ ವಾರಕ್ಕೆ ಇಷ್ಟು ದಿನ ಎಂದು ಕ್ಷೇತ್ರಕಾರ್ಯ ಕಡ್ಡಾಯವಾಗಿರುತ್ತದೆ, ಪ್ರಕರಣದ ವರದಿ ಬರೆಯುವುದನ್ನು ಕಲಿಸುತ್ತಾರೆ, ಮತ್ತು ವ್ಯಕ್ತಿಯ ಸಂಕಟವನ್ನು ಅವನ ಮನೆ, ಊರು, ಸರಕಾರಿ ಯೋಜನೆಗಳ ಜೊತೆಗೆ ಸೇರಿಸಿ ನೋಡುವ ಅಭ್ಯಾಸ ಬೆಳೆಯುತ್ತದೆ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ. ಗಡಿ ದಾಟಿದರೆ ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯದ ಸಮಾಜಕಾರ್ಯ ಕಾಲೇಜು ಇದೆ, ನಮ್ಮ ಜಿಲ್ಲೆಯವರಿಗೆ ಅದು ದೂರವೂ ಅಲ್ಲ, ಹೊಸತೂ ಅಲ್ಲ. ಮನಶ್ಶಾಸ್ತ್ರ, ಸಾರ್ವಜನಿಕ ಆಡಳಿತ, ಶಿಕ್ಷಣಶಾಸ್ತ್ರ, ಕಾನೂನು ಓದಿದವರೂ ಈ ಕ್ಷೇತ್ರದಲ್ಲಿದ್ದಾರೆ. ಕನ್ನಡ ಎಂ.ಎ. ಮಾಡಿದವರು ಹಿಂಜರಿಯಬೇಕಾಗಿಲ್ಲ, ಏಕೆಂದರೆ ಆಡಳಿತ ಹುದ್ದೆಗಳ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ವಿಷಯ ನಿಗದಿಯಾಗಿರುವುದಿಲ್ಲ, ಅಂಕ ಮಾತ್ರ ನಿಗದಿಯಾಗಿರುತ್ತದೆ.

ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಮಾಡಿದರೆ ಸಾಕಾಗುವುದೇ?

ಇನ್ನು ಮುಂದೆ ಸೇರುವವರಿಗೆ ಆ ದಾರಿ ಇಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಕೆಲವು ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ನಡೆಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿಲ್ಲಿಸಿದೆ, ಮನಶ್ಶಾಸ್ತ್ರ ಆ ಪಟ್ಟಿಯಲ್ಲಿದೆ. ಕೇರಳದ ಸರಕಾರಿ ಕಾಲೇಜುಗಳಲ್ಲಿ ‘ಜೀವನಿ’ ಎಂಬ ಆಪ್ತಸಮಾಲೋಚನಾ ಯೋಜನೆಯಡಿ ಮನಶ್ಶಾಸ್ತ್ರ ಅಪ್ರೆಂಟಿಸ್‌ಗಳನ್ನು ತಾತ್ಕಾಲಿಕವಾಗಿ ನೇಮಿಸಿಕೊಳ್ಳುವಾಗಲೂ ಕಾಲೇಜಿಗೆ ಹೋಗಿ ಪಡೆದ ಸ್ನಾತಕೋತ್ತರ ಪದವಿಯನ್ನೇ ಕೇಳುತ್ತಾರೆ. ಆ ಹುದ್ದೆಗೆ ಸಿಗುವುದು ಗೌರವಧನ, ಭದ್ರತೆ ಇಲ್ಲ. ಆದರೂ ಕಾಲೇಜಿನ ಒಳಗೆ ಕುಳಿತು ವಿದ್ಯಾರ್ಥಿಗಳ ಮಾತು ಕೇಳುವ ಮೊದಲ ಅನುಭವಕ್ಕೆ ಇದಕ್ಕಿಂತ ಹತ್ತಿರದ ಬಾಗಿಲು ನಮ್ಮ ಜಿಲ್ಲೆಯಲ್ಲಿ ಕಡಿಮೆ.

ಕೆಲಸಕ್ಕೆ ಸೇರುವ ದಾರಿಗಳು ಯಾವುವು?

ಮೊದಲ ದಾರಿ ಅಧ್ಯಾಪನದ್ದು. ಡೀನ್, ನಿರ್ದೇಶಕ, ಮುಖ್ಯ ನಿಲಯಪಾಲಕ ಮುಂತಾದ ಮೇಲಿನ ಹೊಣೆಗಳನ್ನು ನಮ್ಮ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಹಿರಿಯ ಪ್ರಾಧ್ಯಾಪಕರಿಗೇ ಹೆಚ್ಚುವರಿ ಹೊಣೆಯಾಗಿ ಕೊಡುತ್ತವೆ. ಈ ಪದ್ಧತಿ ಸರಿಯೇ ಎಂಬುದು ಚರ್ಚೆಯ ವಿಷಯ. ಪಾಠ, ಸಂಶೋಧನೆ, ಮೌಲ್ಯಮಾಪನಗಳ ನಡುವೆ ಉಳಿದ ಸಮಯದಲ್ಲಿ ಸಾವಿರಾರು ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳಲು ಹೇಳುವುದು ಅಧ್ಯಾಪಕರಿಗೂ ನ್ಯಾಯವಲ್ಲ, ವಿದ್ಯಾರ್ಥಿಗಳಿಗೂ ನ್ಯಾಯವಲ್ಲ ಎಂದು ನನಗನಿಸುತ್ತದೆ. ಆದರೆ ಆ ಕುರ್ಚಿಯ ಮೇಲೆ ಕಣ್ಣಿರುವವರು ನೆಟ್ (ಅಧ್ಯಾಪಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಮತ್ತು ಪಿಎಚ್.ಡಿ. ಮಾಡಿಕೊಳ್ಳದೆ ಬೇರೆ ಉಪಾಯವಿಲ್ಲ.

ಎರಡನೆಯದು ಆಡಳಿತದ ದಾರಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಕೆಳದರ್ಜೆ ಗುಮಾಸ್ತರಿಂದ ಹಿಡಿದು ಸಹಾಯಕ, ಸೆಕ್ಷನ್ ಅಧಿಕಾರಿ, ಸಹಾಯಕ ಕುಲಸಚಿವರವರೆಗೆ ಹುದ್ದೆಗಳಿರುತ್ತವೆ. ಸಹಾಯಕ ಕುಲಸಚಿವರ ಹುದ್ದೆಗೆ ಕನಿಷ್ಠ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು. ಕೇರಳದ ರಾಜ್ಯ ವಿಶ್ವವಿದ್ಯಾಲಯಗಳ ಸಹಾಯಕ ಹುದ್ದೆಗಳನ್ನು ಕೇರಳ ಲೋಕಸೇವಾ ಆಯೋಗ, ಎಲ್ಲರೂ ಹೇಳುವಂತೆ ಪಿ.ಎಸ್.ಸಿ., ಭರ್ತಿ ಮಾಡುತ್ತದೆ. ಅದಕ್ಕೆ ಯಾವುದೇ ಪದವಿ ಸಾಕು. ಹೀಗೆ ಸೇರಿದವರು ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ತಾವೇ ಆರಿಸಿಕೊಳ್ಳಲಾಗದು. ಇಂದು ಪರೀಕ್ಷಾ ವಿಭಾಗ, ನಾಳೆ ಲೆಕ್ಕಪತ್ರ, ಅದರ ಮರುವರ್ಷ ವಿದ್ಯಾರ್ಥಿ ಸೇವೆ. ಆದರೂ ಕಡತದ ಶಿಸ್ತನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಮೂರನೆಯದು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳದ್ದು. ದೇರಳಕಟ್ಟೆ, ಮಂಗಳೂರು, ಮಣಿಪಾಲಗಳ ವೈದ್ಯಕೀಯ ಮತ್ತು ಇತರ ಸಂಸ್ಥೆಗಳಲ್ಲಿ ಕೇರಳದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ತಂದೆತಾಯಿಯರೊಡನೆ ಮಲಯಾಳದಲ್ಲಿಯೂ ಸ್ಥಳೀಯ ಪೊಲೀಸರು ಹಾಗೂ ಅಧಿಕಾರಿಗಳೊಡನೆ ಕನ್ನಡ ಮತ್ತು ತುಳುವಿನಲ್ಲಿಯೂ ಮಾತಾಡಬಲ್ಲ ನಿಲಯಪಾಲಕರು, ಆಪ್ತಸಮಾಲೋಚಕರು ಅಲ್ಲಿ ಎಂದಿಗೂ ಬೇಕಾಗುತ್ತಾರೆ. ಕಾಸರಗೋಡಿನವರಿಗೆ ಹುಟ್ಟಿನಿಂದ ಬಂದ ಬಹುಭಾಷೆಗೆ ನೇರವಾಗಿ ಬೆಲೆ ಸಿಗುವ ಜಾಗ ಅದು.

ಇತ್ತೀಚಿನ ಒಂದು ಬೆಳವಣಿಗೆಯನ್ನೂ ಗಮನಿಸಬೇಕು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಮಾರ್ಗಸೂಚಿಯಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರಲ್ಲಿ ಕನಿಷ್ಠ ಒಬ್ಬರನ್ನು ನೇಮಿಸಬೇಕು. ಆದೇಶ ಎಷ್ಟು ಬೇಗ ಹುದ್ದೆಗಳಾಗಿ ಬದಲಾಗುತ್ತದೆ ಎಂಬುದು ಬೇರೆ ಮಾತು, ಆದರೆ ಕೇಳಲು ಈಗ ಆಧಾರವಿದೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಮಲಯಾಳ ಎಷ್ಟು ಬೇಕು?

ಮಾತನಾಡುವಷ್ಟು ಸಾಲದು, ಬರೆಯುವಷ್ಟು ಬೇಕು. ಬಸ್ಸಿನಲ್ಲಿ, ಅಂಗಡಿಯಲ್ಲಿ ಸರಾಗವಾಗಿ ಮಲಯಾಳ ಆಡುವ ನಮ್ಮವರು ಸರಕಾರಿ ಸುತ್ತೋಲೆಯೊಂದನ್ನು ಕೈಗೆ ಕೊಟ್ಟಾಗ ಎರಡನೆಯ ಸಾಲಿನಲ್ಲೇ ತಡವರಿಸುವುದನ್ನು ಎಲ್ಲರೂ ಬಲ್ಲರು. ಕೇರಳದ ಕಚೇರಿಗಳಲ್ಲಿ ಆಡಳಿತಭಾಷೆ ಮಲಯಾಳ. 1969ರ ಕೇರಳ ಆಡಳಿತಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ ಎಂಬುದು ನಿಜ. ಅದು ಅರ್ಜಿದಾರನ ಹಕ್ಕು. ಆ ಅರ್ಜಿಯನ್ನು ಒಳಗೆ ಕುಳಿತು ಮುಂದಕ್ಕೆ ಕಳುಹಿಸುವ ನೌಕರನಿಗೆ ಎರಡೂ ಬರಬೇಕು.

ಪಿ.ಎಸ್.ಸಿ. ಕೆಲವು ಪರೀಕ್ಷೆಗಳಿಗೆ ಕನ್ನಡ ಮತ್ತು ತಮಿಳಿನಲ್ಲಿಯೂ ಪ್ರಶ್ನೆಪತ್ರಿಕೆ ನೀಡುತ್ತದೆ. ಯಾವ ಹುದ್ದೆಗೆ ಆ ಸೌಲಭ್ಯವಿದೆ, ಅರ್ಜಿಯಲ್ಲಿ ಅದನ್ನು ಎಲ್ಲಿ ಗುರುತು ಮಾಡಬೇಕು ಎಂಬುದನ್ನು ಪ್ರತಿ ಅಧಿಸೂಚನೆಯಲ್ಲಿ ಪ್ರತ್ಯೇಕವಾಗಿ ಓದಿ ನೋಡಿ. ಅಭ್ಯಾಸಕ್ಕೆ ನಾನು ಹೇಳುವ ವಿಧಾನ ಸರಳ: ಕಣ್ಣೂರು ವಿಶ್ವವಿದ್ಯಾಲಯದ ಸುತ್ತೋಲೆ ಅಥವಾ ಪತ್ರಿಕಾ ಪ್ರಕಟಣೆಯೊಂದನ್ನು ದಿನಕ್ಕೆ ಒಂದರಂತೆ ಗಟ್ಟಿಯಾಗಿ ಓದಿ, ಅದರ ಸಾರಾಂಶವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ, ಬಳಿಕ ಅದೇ ನಾಲ್ಕು ಸಾಲನ್ನು ಮಲಯಾಳದಲ್ಲಿ ಬರೆದು ಬಲ್ಲವರಿಗೆ ತೋರಿಸಿ.

ಯಾವ ಕಾನೂನು ಮತ್ತು ನಿಯಮಗಳನ್ನು ಓದಿರಬೇಕು?

ಈ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ, ಏಕೆಂದರೆ ತಯಾರಿಯ ತಿರುಳು ಇರುವುದು ಇಲ್ಲಿ.

ಮೊದಲು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಾವಳಿ ದೇಶಕ್ಕೆಲ್ಲ ಅನ್ವಯಿಸುತ್ತದೆ. ಕೇರಳದಲ್ಲಿ ಅದಕ್ಕೂ ಮೊದಲೇ 1998ರ ರ‍್ಯಾಗಿಂಗ್ ನಿಷೇಧ ಕಾಯಿದೆ ಇತ್ತು, ಈಗಲೂ ಇದೆ. ಎರಡರ ನಡುವಿನ ವ್ಯತ್ಯಾಸವನ್ನು ತಿಳಿದಿರಬೇಕು. ರಾಜ್ಯದ ಕಾಯಿದೆಯಂತೆ ಸಂಸ್ಥೆಯ ಮುಖ್ಯಸ್ಥರು ದೂರು ಬಂದ ಏಳು ದಿನಗಳೊಳಗೆ ವಿಚಾರಣೆ ನಡೆಸಿ, ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆರೋಪಿಯನ್ನು ಅಮಾನತು ಮಾಡಿ ದೂರನ್ನು ಪೊಲೀಸರಿಗೆ ಕಳುಹಿಸಬೇಕು. ಯುಜಿಸಿ ನಿಯಮದಂತೆ ದಂಡನೀಯ ಕೃತ್ಯ ನಡೆದಿದೆಯೆಂಬ ಮಾಹಿತಿ ಬಂದ 24 ಗಂಟೆಗಳೊಳಗೆ ಪೊಲೀಸು ದೂರು ದಾಖಲಾಗಬೇಕು. ರಾಜ್ಯದ ಕಾಯಿದೆ ಏಳು ದಿನ ಕೊಟ್ಟಿದೆಯಲ್ಲ ಎಂದು ಕಾದು ಕುಳಿತ ಮುಖ್ಯಸ್ಥರು ಆಯೋಗದ ಮುಂದೆ ಉತ್ತರ ಹೇಳಬೇಕಾಗುತ್ತದೆ, ದೂರನ್ನು ಕಡೆಗಣಿಸಿದರೆ ರಾಜ್ಯದ ಕಾಯಿದೆಯಡಿ ಅವರೇ ಕೃತ್ಯಕ್ಕೆ ಕುಮ್ಮಕ್ಕು ಕೊಟ್ಟವರೆಂದು ಪರಿಗಣಿತರಾಗುತ್ತಾರೆ. ಅವರಿಗೆ ಕಡತ ಸಿದ್ಧಪಡಿಸಿ ಕೊಡುವ ಕೆಳಗಿನ ಅಧಿಕಾರಿ ಈ ಎರಡು ಗಡುವುಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಬಂದ ದೂರು ಮರುದಿನವೇ ನಿಮ್ಮ ಕಚೇರಿಯ ಮಿಂಚಂಚೆಯಲ್ಲಿ ಕಾಣಿಸಿಕೊಳ್ಳಬಹುದು ಎಂಬುದೂ ನೆನಪಿರಲಿ.

ಎರಡನೆಯದು ಯುಜಿಸಿಯ 2023ರ ವಿದ್ಯಾರ್ಥಿ ದೂರು ಪರಿಹಾರ ನಿಯಮಾವಳಿ. ಪ್ರವೇಶ, ಶುಲ್ಕ, ಮೂಲ ಪ್ರಮಾಣಪತ್ರ ಹಿಂತಿರುಗಿಸದಿರುವುದು, ವಿದ್ಯಾರ್ಥಿವೇತನ ಮುಂತಾದ ದೂರುಗಳು ಮೊದಲು ಸಂಸ್ಥೆಯ ದೂರು ಪರಿಹಾರ ಸಮಿತಿಗೆ ಬರುತ್ತವೆ. ಸಮಿತಿಯಲ್ಲಿ ಮಹಿಳೆಯರ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಇತರ ಹಿಂದುಳಿದ ವರ್ಗಗಳ ಪ್ರಾತಿನಿಧ್ಯ ಕಡ್ಡಾಯ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪದ ವಿದ್ಯಾರ್ಥಿ ಮೇಲ್ಮನವಿ ಕೇಳುವ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್ ಬಳಿಗೆ ಹೋಗಬಹುದು. ಮೂಲ ಪ್ರಮಾಣಪತ್ರಗಳನ್ನು ತಡೆಹಿಡಿದು ಶುಲ್ಕ ವಸೂಲು ಮಾಡುವ ಅಭ್ಯಾಸ ಗಡಿಯ ಎರಡೂ ಬದಿ ಇದ್ದುದರಿಂದ ಈ ನಿಯಮ ನಮ್ಮ ಮಕ್ಕಳಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ 2013ರ ಕಾಯಿದೆ ಮತ್ತು ಯುಜಿಸಿಯ 2015ರ ನಿಯಮಾವಳಿ. ಆಂತರಿಕ ಸಮಿತಿಯ ಅಧ್ಯಕ್ಷತೆ ಹಿರಿಯ ಮಹಿಳಾ ಅಧ್ಯಾಪಕರದ್ದು, ವಿದ್ಯಾರ್ಥಿಗಳು ಒಳಗೊಂಡ ಪ್ರಕರಣವಾದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಈ ಸಮಿತಿಯ ಕೆಲಸಕ್ಕೆ ನಿಮ್ಮ ವಿಭಾಗ ಕೈಹಾಕಿ ‘ಇಬ್ಬರನ್ನೂ ಕೂರಿಸಿ ಮಾತಾಡಿಸುವ’ ಪಂಚಾಯತಿ ಮಾಡಬಾರದು.

ಉಳಿದಂತೆ 2016ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2017ರ ಮಾನಸಿಕ ಆರೋಗ್ಯ ಕಾಯಿದೆ, ಸಮಾನತೆಯ ಕುರಿತಾದ ಯುಜಿಸಿಯ 2012ರ ನಿಯಮಾವಳಿ, ಇವುಗಳ ಮುಖ್ಯ ಭಾಗಗಳನ್ನಾದರೂ ಮೂಲದಲ್ಲಿಯೇ ಓದಿ. ಮಾರ್ಗದರ್ಶಿ ಪುಸ್ತಕಗಳ ಸಾರಾಂಶ ಓದಿದವರಿಗೂ ಮೂಲ ಓದಿದವರಿಗೂ ಇರುವ ಅಂತರ ಸಂದರ್ಶನದಲ್ಲಿ ಎರಡೇ ಪ್ರಶ್ನೆಗಳಲ್ಲಿ ಗೊತ್ತಾಗುತ್ತದೆ.

ವಿದ್ಯಾರ್ಥಿವೇತನದ ಕೆಲಸ ಬರೀ ಅರ್ಜಿ ತುಂಬಿಸುವುದಲ್ಲವೇ? ಅದನ್ನು ಕಲಿಯಲು ಏನಿದೆ?

ಎಲ್ಲಕ್ಕಿಂತ ಹೆಚ್ಚು ಕಲಿಯಬೇಕಾದ್ದು ಅಲ್ಲಿಯೇ. ಬದಿಯಡ್ಕದ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಮನೆಯ ಹೆಸರಿನ ಒಂದಕ್ಷರ ಮತ್ತು ತಂದೆಯ ಹೆಸರಿನ ಒಂದಕ್ಷರ ಇದೆ. ಆಧಾರ್ ಕಾರ್ಡಿನಲ್ಲಿ ಆ ಎರಡೂ ಇಲ್ಲ, ತಂದೆಯ ಪೂರ್ಣ ಹೆಸರು ಕೊನೆಯಲ್ಲಿದೆ. ಬ್ಯಾಂಕ್ ಪುಸ್ತಕದಲ್ಲಿ ಹೆಸರಿನ ಕೊನೆಯ ಅಕ್ಷರ ಮಲಯಾಳ ಉಚ್ಚಾರಕ್ಕೆ ತಕ್ಕಂತೆ ಬದಲಾಗಿದೆ. ಕೇರಳದ ಇ-ಗ್ರಾಂಟ್ಸ್ ಪೋರ್ಟಲಿನಲ್ಲಾಗಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಾಗಲಿ ಅವಳ ಅರ್ಜಿ ‘ಹೆಸರು ಹೊಂದಿಕೆಯಾಗುವುದಿಲ್ಲ’ ಎಂದು ನಿಲ್ಲುತ್ತದೆ. ಕಾಲೇಜಿನಲ್ಲಿ ಆಧಾರ್ ಸರಿಮಾಡಿಸಿಕೊಂಡು ಬಾ ಎನ್ನುತ್ತಾರೆ, ಸರಕಾರದ ಆನ್‌ಲೈನ್ ಸೇವೆ ಒದಗಿಸುವ ಅಕ್ಷಯ ಕೇಂದ್ರದಲ್ಲಿ ಎಸ್‌ಎಸ್‌ಎಲ್‌ಸಿ ಪುಸ್ತಕ ತಾ ಎನ್ನುತ್ತಾರೆ, ಗಡುವು ಮುಗಿಯುತ್ತದೆ.

ಇದನ್ನು ಬಲ್ಲ ಅಧಿಕಾರಿ ಮೊದಲ ದಿನವೇ ಮಾಡುವುದು ಮೂರು ಕೆಲಸ: ಕಂದಾಯ ಇಲಾಖೆಯಿಂದ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಪ್ರಮಾಣಪತ್ರ ಪಡೆಯಲು ಹೇಳುವುದು, ಅರ್ಜಿಯನ್ನು ತಿರಸ್ಕರಿಸದೆ ‘ದೋಷ ಸರಿಪಡಿಸಲು ಹಿಂದಿರುಗಿಸಲಾಗಿದೆ’ ಎಂಬ ಸ್ಥಿತಿಯಲ್ಲಿಡುವುದು, ಮತ್ತು ಅಂಥ ಅರ್ಜಿಗಳ ಪಟ್ಟಿಯನ್ನು ಗಡುವಿಗೆ ಮೊದಲೇ ಮೇಲಿನ ಕಚೇರಿಗೆ ತಿಳಿಸುವುದು. ಅವರ ಟಿಪ್ಪಣಿ ಹೀಗಿರಬಹುದು: “ಅರ್ಜಿದಾರಳ ಹೆಸರಿನಲ್ಲಿ ಶಾಲಾ ದಾಖಲೆಗೂ ಆಧಾರ್ ದಾಖಲೆಗೂ ವ್ಯತ್ಯಾಸವಿದೆ. ಗ್ರಾಮಾಧಿಕಾರಿಯ ಪ್ರಮಾಣಪತ್ರ ಲಗತ್ತಿಸಿದೆ. ಅರ್ಹತೆಯ ವಿಷಯದಲ್ಲಿ ಬೇರೆ ಆಕ್ಷೇಪವಿಲ್ಲ. ಪರಿಶೀಲನೆ ಪೂರ್ಣಗೊಳ್ಳುವವರೆಗೆ ಶುಲ್ಕಕ್ಕಾಗಿ ಒತ್ತಾಯಿಸದೆ ಪರೀಕ್ಷೆಗೆ ನೋಂದಾಯಿಸಲು ಅನುಮತಿ ನೀಡಬಹುದು. ಆದೇಶಕ್ಕಾಗಿ.” ನಾಲ್ಕು ವಾಕ್ಯ ಸಂಗತಿ ಮತ್ತು ಸಲಹೆ, ಐದನೆಯದು ಆದೇಶದ ಕೋರಿಕೆ. ವಿಶೇಷಣ ಒಂದೂ ಇಲ್ಲ. ಇಂಥ ಟಿಪ್ಪಣಿ ಬರೆಯಲು ಕಲಿತವರು ಯಾವ ವಿಭಾಗದಲ್ಲಿದ್ದರೂ ನಿಲ್ಲಬಲ್ಲರು.

ಗಡಿ ದಾಟಿ ಓದುವವರ ತೊಡಕು ಇನ್ನೊಂದು ಬಗೆಯದು. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡಬೇಕಾದದ್ದು ವಿದ್ಯಾರ್ಥಿ ಓದುವ ರಾಜ್ಯವಲ್ಲ, ಅವನು ಖಾಯಂ ನಿವಾಸಿಯಾಗಿರುವ ರಾಜ್ಯ. ಮಂಗಳೂರಿನಲ್ಲಿ ಓದುವ ಪೈವಳಿಕೆಯ ಹುಡುಗ ಕರ್ನಾಟಕದ ಪೋರ್ಟಲಿನಲ್ಲಿ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವುದು ಇದನ್ನು ಯಾರೂ ಹೇಳದ ಕಾರಣಕ್ಕೆ.

ವಿದ್ಯಾರ್ಥಿಗಳು ಹೇಳಿದ ಗುಟ್ಟನ್ನು ಗುಟ್ಟಾಗಿಯೇ ಇಡಬಹುದೇ?

ಬಹುತೇಕ ಇಡಬೇಕು. ಸಮಾಲೋಚನೆಯ ವಿವರ ಇಲಾಖೆಯ ಮುಖ್ಯಸ್ಥರಿಗೂ ಹೋಗಬಾರದು. ಆದರೆ ಎರಡು ಕಡೆ ಗುಟ್ಟಿಗೆ ಮಿತಿಯಿದೆ, ಅದನ್ನು ಮಾತು ಶುರುವಾಗುವ ಮೊದಲೇ ವಿದ್ಯಾರ್ಥಿಗೆ ತಿಳಿಸಬೇಕು. ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕು. ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ 18 ತುಂಬಿರುವುದಿಲ್ಲ, ಅಂಥವರ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯ 19ನೆಯ ವಿಧಿಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ.

ಆತ್ಮಹತ್ಯೆಗೆ ಯತ್ನಿಸಿದ ವಿದ್ಯಾರ್ಥಿಯ ಮೇಲೆ ಪ್ರಕರಣ ದಾಖಲಾಗುತ್ತದೆ ಎಂದು ಹೆದರಿ ಮನೆಯವರು ಆಸ್ಪತ್ರೆಯಲ್ಲಿ ಸುಳ್ಳು ಹೇಳುವುದುಂಟು. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ವಿಧಿಯಂತೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಈ ಒಂದು ಮಾತನ್ನು ಮನೆಭಾಷೆಯಲ್ಲಿ ತಿಳಿಸಿ ಹೇಳಬಲ್ಲವರು ವಿಭಾಗದಲ್ಲಿದ್ದರೆ ಚಿಕಿತ್ಸೆ ಸರಿಯಾದ ದಾರಿಗೆ ಬರುತ್ತದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಕೇರಳದ ದಿಶಾ ಸಹಾಯವಾಣಿ 1056. ಕ್ಲಿನಿಕಲ್ ಮನಶ್ಶಾಸ್ತ್ರಜ್ಞ ಎಂಬ ಹೆಸರನ್ನು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇಲ್ಲದೆ ಹಾಕಿಕೊಳ್ಳಬಾರದು ಎಂಬುದನ್ನೂ ಹೊಸಬರು ತಿಳಿದಿರಬೇಕು.

ಎಂಡೋಸಲ್ಫಾನ್ ಬಾಧಿತ ಕುಟುಂಬಗಳ ವಿದ್ಯಾರ್ಥಿಗಳ ವಿಷಯದಲ್ಲಿ ಏನು ತಿಳಿದಿರಬೇಕು?

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮೊದಲಾದ ಪಂಚಾಯತುಗಳ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ನಡೆದ ಎಂಡೋಸಲ್ಫಾನ್ ಕೀಟನಾಶಕದ ವೈಮಾನಿಕ ಸಿಂಪಡಣೆಯ ಪರಿಣಾಮವನ್ನು ಹೊತ್ತ ಮನೆಗಳಿಂದ ಇಂದಿಗೂ ವಿದ್ಯಾರ್ಥಿಗಳು ಕಾಲೇಜಿಗೆ ಬರುತ್ತಾರೆ. ಕೆಲವರಿಗೆ ತಮ್ಮದೇ ಅಂಗವೈಕಲ್ಯ, ಇನ್ನು ಕೆಲವರಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೊಣೆ. ಮೊದಲನೆಯವರಿಗೆ 2016ರ ಅಂಗವೈಕಲ್ಯ ಹಕ್ಕುಗಳ ಕಾಯಿದೆಯಲ್ಲಿ ದಾರಿಯಿದೆ: ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದ ಮೀಸಲಾತಿ, ಪರೀಕ್ಷೆಯಲ್ಲಿ ಬರಹಗಾರರ ಸಹಾಯ, ಹೆಚ್ಚುವರಿ ಸಮಯ. ಎರಡನೆಯವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಅವರ ಹಾಜರಾತಿ ಕಡಿಮೆಯಾದಾಗ ಕಾರಣ ಕೇಳಿ, ದಾಖಲೆ ಒದಗಿಸಿಕೊಂಡು, ಹಾಜರಾತಿ ವಿನಾಯಿತಿಗೆ ಶಿಫಾರಸು ಬರೆಯುವವರು ಬೇಕು. ಜಿಲ್ಲೆಯ ಹೊರಗಿನಿಂದ ಬಂದ ಅಧಿಕಾರಿಗೆ ಇದು ಕೂಡಲೇ ಹೊಳೆಯಲಾರದು, ಇಲ್ಲಿಯವರಿಗೆ ಹೊಳೆಯದಿದ್ದರೆ ಆಶ್ಚರ್ಯ.

ವಿದ್ಯಾರ್ಥಿ ರಾಜಕೀಯದಲ್ಲಿ ಇದ್ದವರು ಈ ಕೆಲಸಕ್ಕೆ ತಕ್ಕವರೇ?

ತಕ್ಕವರೇ, ಆದರೆ ಸೇರಿದ ದಿನದಿಂದ ಬಾವುಟವನ್ನು ಹೊರಗೆ ಬಿಟ್ಟು ಬರಬೇಕು. ಕೇರಳದ ಕಾಲೇಜುಗಳಲ್ಲಿ ಚುನಾವಣೆ ಜೀವಂತವಾಗಿದೆ, ಕಾಲೇಜು ಸಂಘದಿಂದ ವಿಶ್ವವಿದ್ಯಾಲಯ ಸಂಘದವರೆಗೆ ಅದರ ವ್ಯವಸ್ಥೆ ಬೆಳೆದಿದೆ. ಕರ್ನಾಟಕದಲ್ಲಿ ದಶಕಗಳಿಂದ ನೇರ ಚುನಾವಣೆ ಇಲ್ಲ. ಆದ್ದರಿಂದ ಗಡಿಯ ಎರಡು ಬದಿಯ ಸಂಸ್ಥೆಗಳಲ್ಲಿ ಇದೇ ಹುದ್ದೆಯ ದಿನಚರಿ ಬಹಳ ಬೇರೆ. ವಿದ್ಯಾರ್ಥಿ ಸಂಘದ ಚುನಾವಣೆಗಳ ಕುರಿತಾದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಾರಿಗೆ ತಂದಿತು. ಅಭ್ಯರ್ಥಿಗೆ ಶೇಕಡಾ 75 ಹಾಜರಾತಿ, 5,000 ರೂಪಾಯಿಯ ವೆಚ್ಚಮಿತಿ, ವಯೋಮಿತಿ, ಮುದ್ರಿತ ಪೋಸ್ಟರುಗಳ ನಿಷೇಧ ಇವೆಲ್ಲ ಅದರಲ್ಲಿವೆ. ಚುನಾವಣೆಯ ದಿನ ನಾಮಪತ್ರ ತಿರಸ್ಕರಿಸಿದಿರೆಂದು ಎರಡು ಗುಂಪುಗಳು ನಿಮ್ಮ ಮೇಜನ್ನು ಸುತ್ತುವರಿದಾಗ ಇಬ್ಬರಿಗೂ ಒಂದೇ ನಿಯಮದ ಒಂದೇ ಸಾಲನ್ನು ಓದಿ ಹೇಳುವಷ್ಟು ತಾಳ್ಮೆ ಇದ್ದರೆ ಸಾಕು.

ಗಡಿಯಲ್ಲಿ ಇರುವುದರಿಂದ ಬೇರೆ ಯಾವ ಸಂಗತಿಗಳನ್ನು ನಿಭಾಯಿಸಬೇಕಾಗುತ್ತದೆ?

2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿತು. 2021ರ ಆರಂಭದಲ್ಲಿ ಕೇರಳದಿಂದ ಬರುವವರಿಗೆ ಕೋವಿಡ್ ಪರೀಕ್ಷೆಯ ವರದಿ ಕಡ್ಡಾಯವಾದಾಗ ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ದಿನವೂ ಹೋಗಿಬರುತ್ತಿದ್ದ ವಿದ್ಯಾರ್ಥಿಗಳು ಪೇಚಿಗೆ ಸಿಲುಕಿದರು. ಅಂಥ ಹೊತ್ತಿನಲ್ಲಿ ಒಂದು ಸಂಸ್ಥೆಯ ಕ್ಷೇಮಪಾಲನಾ ವಿಭಾಗ ಮಾಡಬಹುದಾದದ್ದು ಬಹಳವಿದೆ: ಗಡಿಯಾಚೆಯ ವಿದ್ಯಾರ್ಥಿಗಳ ಪಟ್ಟಿ, ಗುರುತುಪತ್ರ, ಜಿಲ್ಲಾಡಳಿತಕ್ಕೆ ಪತ್ರ, ಪರೀಕ್ಷೆ ತಪ್ಪಿಸಿಕೊಂಡವರಿಗೆ ಮರುಅವಕಾಶ. ಆ ಪಟ್ಟಿ ಮೊದಲೇ ಸಿದ್ಧವಿದ್ದ ಕಡೆ ಕೆಲಸ ಸುಲಭವಾಗುತ್ತದೆ. ಮಳೆಗಾಲದ ರಜೆಗಳ ವಿಷಯವೂ ಇದೇ. ಕಾಸರಗೋಡು ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನ ದಕ್ಷಿಣ ಕನ್ನಡದಲ್ಲಿ ತರಗತಿ ಇರಬಹುದು, ಆ ದಿನದ ಗೈರುಹಾಜರಿಗೆ ಯಾರು ಹೊಣೆ ಎಂಬುದನ್ನು ವರ್ಷಾರಂಭದಲ್ಲೇ ಸುತ್ತೋಲೆಯಲ್ಲಿ ತಿಳಿಸಬೇಕು.

ಓದುತ್ತಿರುವಾಗಲೇ ಯಾವ ಅನುಭವ ಗಳಿಸಬಹುದು?

ರಾಷ್ಟ್ರೀಯ ಸೇವಾ ಯೋಜನೆ ಎಲ್ಲಕ್ಕಿಂತ ಹತ್ತಿರದ್ದು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ವಿಶೇಷ ಶಿಬಿರ ಅದರ ಚೌಕಟ್ಟು. ಸ್ವಯಂಸೇವಕನಾಗಿ ಸುಮ್ಮನೆ ಭಾಗವಹಿಸುವುದಕ್ಕಿಂತ ಶಿಬಿರದ ಲೆಕ್ಕ, ಊಟದ ವ್ಯವಸ್ಥೆ, ಹುಡುಗಿಯರ ವಸತಿ, ವರದಿ ಇವುಗಳಲ್ಲಿ ಒಂದರ ಹೊಣೆ ಕೇಳಿ ಪಡೆಯಿರಿ. ಕೇರಳದ ಕಾಲೇಜುಗಳಲ್ಲಿ ಕಿರಿಯರಿಗೆ ಪಾಠದಲ್ಲಿ ನೆರವಾಗುವ ಯೋಜನೆಗಳಿವೆ, ವಸತಿನಿಲಯದ ಮೆಸ್ ಸಮಿತಿಯಿದೆ. ಮೆಸ್ ಸಮಿತಿಯನ್ನು ಹಗುರವಾಗಿ ಕಾಣಬೇಡಿ. ನೂರು ಮಂದಿಯ ಅನ್ನದ ಲೆಕ್ಕ ಸರಿದೂಗಿಸಿ, ಮೀನಿನ ದಿನ ಸಸ್ಯಾಹಾರಿಗಳ ತಕರಾರನ್ನೂ ಬಗೆಹರಿಸಿದವರಿಗೆ ಮುಂದೆ ಯಾವ ಸಮಿತಿಯ ಸಭೆಯೂ ಕಷ್ಟವೆನಿಸದು.

ಹೆಣ್ಣುಮಕ್ಕಳಿಗೆ ಈ ಕೆಲಸ ಹೊಂದುತ್ತದೆಯೇ ಎಂದು ಮನೆಯವರು ಕೇಳುತ್ತಾರೆ.

ಹೊಂದುತ್ತದೆ. ನಿಲಯಪಾಲಕಿಯ ಹುದ್ದೆಯಲ್ಲಿ ಮಾತ್ರ ರಾತ್ರಿ ಕರೆಗಳಿರುತ್ತವೆ, ಅಲ್ಲೇ ವಾಸವಿರಬೇಕಾಗುತ್ತದೆ. ವಸತಿ ಉಚಿತವೇ, ವಾರದ ರಜೆಯಲ್ಲಿ ಬದಲಿ ಯಾರು ಎಂಬ ಎರಡು ಪ್ರಶ್ನೆಗಳಿಗೆ ನೇಮಕಪತ್ರದಲ್ಲಿಯೇ ಉತ್ತರ ಕೇಳಿ.

ವಿದೇಶದಲ್ಲಿ ಇದನ್ನೇ ಓದಿದರೆ ಹೇಗೆ?

ಅಮೆರಿಕದಲ್ಲಿ ಇದು ಬೇರೂರಿದ ವೃತ್ತಿ. ಅಲ್ಲಿನ ಎರಡು ದೊಡ್ಡ ವೃತ್ತಿಸಂಘಗಳಲ್ಲಿ ನ್ಯಾಸ್ಪಾ 1919ರಲ್ಲಿ, ಎಸಿಪಿಎ 1924ರಲ್ಲಿ ಹುಟ್ಟಿದವು. ಸಾಮಾನ್ಯವಾಗಿ ಎರಡು ವರ್ಷಗಳ ಸ್ನಾತಕೋತ್ತರ ಪದವಿ, ಅದರ ಜೊತೆಗೆ ವಸತಿನಿಲಯದಲ್ಲಿಯೋ ಸಲಹಾ ಕಚೇರಿಯಲ್ಲಿಯೋ ಸಹಾಯಕರಾಗಿ ದುಡಿಮೆ. ಅಂಥ ಸಹಾಯಕ ಹುದ್ದೆ ಸಿಕ್ಕರೆ ಶುಲ್ಕದ ಹೊರೆ ಬಹಳ ಇಳಿಯುತ್ತದೆ, ಸಿಗದಿದ್ದರೆ ಸಾಲ ಮಾಡಿ ಹೋಗಬೇಡಿ ಎಂಬುದೇ ನನ್ನ ಸಲಹೆ. ಈ ವಿಷಯ ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಓದಿನ ನಂತರ ಕೆಲಸಕ್ಕೆ ಸಿಗುವ ಅವಧಿ 12 ತಿಂಗಳು ಮಾತ್ರ. ಹಿಂತಿರುಗಿ ಬಂದಾಗ ನಮ್ಮ ಅಧಿಸೂಚನೆಗಳು ಆ ಪದವಿಯ ಹೆಸರನ್ನು ಗುರುತಿಸದಿರಬಹುದು, ತತ್ಸಮಾನ ಪ್ರಮಾಣಪತ್ರ ಬೇಕಾಗುತ್ತದೆ.

ಸಂಬಳ ಮತ್ತು ಬಡ್ತಿ ಹೇಗಿರುತ್ತದೆ?

ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಕೆಳದರ್ಜೆ ಗುಮಾಸ್ತರ ಮೂಲವೇತನ 19,900 ರೂಪಾಯಿಯಿಂದ, ಸಹಾಯಕರದು 35,400ರಿಂದ, ಸೆಕ್ಷನ್ ಅಧಿಕಾರಿಯದು 44,900ರಿಂದ, ಸಹಾಯಕ ಕುಲಸಚಿವರದು 56,100ರಿಂದ ಆರಂಭವಾಗುತ್ತದೆ. ಸಹಾಯಕ ಕುಲಸಚಿವರಾಗಿ ಐದು ವರ್ಷ ಆಡಳಿತಾನುಭವ ಪಡೆದವರು ಉಪಕುಲಸಚಿವರ ಹುದ್ದೆಗೆ ಅರ್ಜಿ ಹಾಕಬಹುದು. ಖಾಸಗಿ ಸಂಸ್ಥೆಗಳಲ್ಲಿ ಸಂಬಳ ಮಾತುಕತೆಯ ಮೇಲೆ ನಿಂತಿದೆ, ಆರಂಭದಲ್ಲಿ ಬಹಳ ಕಡಿಮೆ ಇರುವುದೂ ಉಂಟು. ಗುತ್ತಿಗೆ ಹುದ್ದೆಗೆ ಸೇರುವವರು ಪ್ರತಿ ವರ್ಷವೂ ಅನುಭವ ಪ್ರಮಾಣಪತ್ರವನ್ನು ಹುದ್ದೆಯ ಹೆಸರು, ವೇತನ, ಅವಧಿ ಸಹಿತ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಬರೆದುಕೊಡಬೇಕಾದ ಅಧಿಕಾರಿಯೇ ಅಲ್ಲಿ ಇರುವುದಿಲ್ಲ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

‘ನಿಮಗೆ ವಿದ್ಯಾರ್ಥಿಗಳೆಂದರೆ ಪ್ರೀತಿಯೇ’ ಎಂದು ಯಾರೂ ಕೇಳುವುದಿಲ್ಲ. ಒಂದು ಸಂದರ್ಭ ಕೊಟ್ಟು ಮುಂದೇನು ಮಾಡುತ್ತೀರಿ ಎಂದು ಕೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ವಸತಿನಿಲಯದಿಂದ ಕರೆ ಬರುತ್ತದೆ, ಮೊದಲ ವರ್ಷದವನೊಬ್ಬನಿಗೆ ಹಿರಿಯರು ಹೊಡೆದಿದ್ದಾರೆ, ಆದರೆ ಅವನು ದೂರು ಕೊಡಲು ಒಪ್ಪುತ್ತಿಲ್ಲ. ಉತ್ತರದಲ್ಲಿ ಕ್ರಮ ಇರಬೇಕು: ಮೊದಲು ಅವನನ್ನು ಆ ಕೋಣೆಯಿಂದ ಹೊರತಂದು ವೈದ್ಯರಿಗೆ ತೋರಿಸುವುದು, ನಿಲಯಪಾಲಕರ ಲಿಖಿತ ಹೇಳಿಕೆ ಪಡೆಯುವುದು, ಮನೆಯವರಿಗೆ ತಿಳಿಸುವುದು, ಸಂಸ್ಥೆಯ ಮುಖ್ಯಸ್ಥರಿಗೆ ಆ ರಾತ್ರಿಯೇ ವರದಿ ಕೊಡುವುದು. ವಿದ್ಯಾರ್ಥಿ ದೂರು ಕೊಡದಿದ್ದರೂ ಮಾಹಿತಿ ಬಂದಿರುವುದರಿಂದ 24 ಗಂಟೆಯ ಗಡುವು ಆಗಲೇ ಶುರುವಾಗಿದೆ ಎಂಬ ವಾಕ್ಯ ನಿಮ್ಮ ಬಾಯಿಂದ ಬಂದರೆ ಮಂಡಳಿಯವರು ತಲೆಯೆತ್ತಿ ನೋಡುತ್ತಾರೆ. ಭಾಷೆಯ ಪ್ರಶ್ನೆಯೂ ಬರಬಹುದು, ಆಗ ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಂದು ಪಟ್ಟಿ ಒಪ್ಪಿಸುವ ಬದಲು ಯಾವುದರಲ್ಲಿ ಮಾತಾಡಬಲ್ಲಿರಿ, ಯಾವುದರಲ್ಲಿ ಅಧಿಕೃತ ಪತ್ರ ಬರೆಯಬಲ್ಲಿರಿ ಎಂದು ಬೇರೆಬೇರೆಯಾಗಿ ಹೇಳಿ, ಬರೆದ ಒಂದು ಮಾದರಿಯನ್ನು ಕೈಯಲ್ಲಿಟ್ಟುಕೊಂಡು ಹೋಗಿ.